ಗತಿಸಿದವರ ಮಾನ, ತರಗತಿಯ ಮಾತು: ಮಾನಹಾನಿ ಕಾನೂನು ಮತ್ತು ವಿದ್ಯಾಸಂಸ್ಥೆಗಳ ವಾಕ್ ಸ್ವಾತಂತ್ರ್ಯ

ಭಾರತೀಯ ದಂಡ ಸಂಹಿತೆಯ 499ನೆಯ ಕಲಮಿನಲ್ಲಿ ಶಾಲಾ ಮಾಸ್ತರನೊಬ್ಬ ಒಂದೇ ಒಂದು ಸಲ ಕಾಣಿಸಿಕೊಳ್ಳುತ್ತಾನೆ. ಮಾನಹಾನಿಯನ್ನು ಅಪರಾಧವೆಂದು ವಿಧಿಸಿದ ಈ ಕಲಮಿಗೆ ಹತ್ತು ಅಪವಾದಗಳಿವೆ. ಅವುಗಳಲ್ಲಿ ಏಳನೆಯದು, ಇನ್ನೊಬ್ಬರ ಮೇಲೆ ನ್ಯಾಯಬದ್ಧವಾದ ಅಧಿಕಾರವುಳ್ಳವರು ಸದ್ಭಾವದಿಂದ ಮಾಡುವ ಖಂಡನೆಗೆ ಸಂಬಂಧಿಸಿದೆ. ಸಾಕ್ಷಿಯನ್ನು ಆಕ್ಷೇಪಿಸುವ ನ್ಯಾಯಾಧೀಶ, ಕೈಕೆಳಗಿನವರನ್ನು ಆಕ್ಷೇಪಿಸುವ ಇಲಾಖೆಯ ಮುಖ್ಯಸ್ಥ, ಬೇರೆ ಮಕ್ಕಳ ಮುಂದೆ ತನ್ನ ಮಗುವನ್ನು ಗದರಿಸುವ ತಂದೆ ಅಥವಾ ತಾಯಿ, ಸೇವಕನನ್ನು ಬೈಯುವ ಯಜಮಾನ, ಇವರ ಸಾಲಿನಲ್ಲಿ ತಂದೆತಾಯಿಗಳಿಂದ ಅಧಿಕಾರ ಪಡೆದ ಮಾಸ್ತರನೂ ನಿಂತಿದ್ದಾನೆ. ಇತರ ವಿದ್ಯಾರ್ಥಿಗಳ ಎದುರಿಗೆ ಒಬ್ಬ ವಿದ್ಯಾರ್ಥಿಯನ್ನು ಅವನು ಸದ್ಭಾವದಿಂದ ಆಕ್ಷೇಪಿಸಿದರೆ ಅದು ಮಾನಹಾನಿಯಾಗದು. ವಿದ್ಯಾಸಂಸ್ಥೆಯ ಕುರಿತು ಈ ಕಲಂ ನೇರವಾಗಿ ಆಡಿರುವ ಮಾತು ಇಷ್ಟೇ. ಮಾಸ್ತರನನ್ನು ಪ್ರಶ್ನಿಸುವ ವಿದ್ಯಾರ್ಥಿಗಾಗಲಿ, ಪೂರ್ವಿಕರ ಚರಿತ್ರೆಯನ್ನು ಮರುಪರಿಶೀಲಿಸುವ ಸಂಶೋಧಕನಿಗಾಗಲಿ, ಕೇಳಿದ ಕಥೆಯನ್ನು ಕೇಳಿದಂತೆಯೇ ಬರೆದುಕೊಳ್ಳುವ ಕ್ಷೇತ್ರಕಾರ್ಯಕರ್ತನಿಗಾಗಲಿ ಪ್ರತ್ಯೇಕವಾದ ಅಪವಾದವೊಂದು ಅಲ್ಲಿಲ್ಲ. ಶಾಲೆಯೆಂಬುದು ಈ ಕಾನೂನಿನ ಕಣ್ಣಿಗೆ ಅಧಿಕಾರದ ಸ್ಥಳವಾಗಿ ಕಂಡಿತೇ ಹೊರತು ಜಿಜ್ಞಾಸೆಯ ಸ್ಥಳವಾಗಿ ಕಾಣಲಿಲ್ಲ.

ಕನ್ನಡದಲ್ಲಿ ಅಪವಾದ ಎಂಬ ಪದಕ್ಕೆ ನಿಂದೆ ಎಂಬ ಅರ್ಥವೂ ನಿಯಮದಿಂದ ಹೊರಗಿಟ್ಟದ್ದು ಎಂಬ ಅರ್ಥವೂ ಇರುವುದು ಕುತೂಹಲಕರ. ಮಾನಹಾನಿಯ ಕಲಮನ್ನು ಕನ್ನಡದಲ್ಲಿ ಓದುವವರಿಗೆ ಅಪವಾದಕ್ಕೆ ಅಪವಾದವೇ ರಕ್ಷಣೆಯಾಗಿ ನಿಲ್ಲುತ್ತದೆ.

ಮೆಕಾಲೆಯ ಅಧ್ಯಕ್ಷತೆಯ ಮೊದಲನೆಯ ಕಾನೂನು ಆಯೋಗವು 1837ರಲ್ಲಿ ಸಿದ್ಧಪಡಿಸಿದ ಕರಡು, ಎರಡು ದಶಕಗಳಿಗೂ ಹೆಚ್ಚು ಕಾಲ ಕಡತಗಳಲ್ಲಿದ್ದು, 1860ರಲ್ಲಿ ಅಧಿನಿಯಮವಾಗಿ, 1862ರ ಜನವರಿ 1ರಿಂದ ಜಾರಿಗೆ ಬಂದಿತು. ಇಂಗ್ಲೆಂಡಿನ ಕಾನೂನಿನಲ್ಲಿ ಬರೆದ ನಿಂದೆಗೂ ಆಡಿದ ನಿಂದೆಗೂ ದೊಡ್ಡ ಅಂತರವಿತ್ತು. ಬರೆದದ್ದು ಅಪರಾಧವೂ ಆಗಬಹುದಾಗಿತ್ತು. ಬಾಯಿಮಾತು ಸಾಮಾನ್ಯವಾಗಿ ಸಿವಿಲ್ ದಾವೆಗೆ ಮಾತ್ರ ವಸ್ತುವಾಗುತ್ತಿತ್ತು. ಶಾಂತಿಭಂಗವಾಗುವುದೆಂಬ ಭಯವೇ ಅಲ್ಲಿ ಶಿಕ್ಷೆಗೆ ಆಧಾರ. ಮೆಕಾಲೆಯ ಆಯೋಗ ಈ ಎರಡನ್ನೂ ಕೈಬಿಟ್ಟಿತು. ಮಾನ ಕಳೆದುಕೊಂಡವನ ನೋವನ್ನೇ ಅಪರಾಧದ ತಿರುಳಾಗಿ ಇಟ್ಟು, ಆಡಿದ ಮಾತು, ಓದಿಸಲು ಬರೆದ ಮಾತು, ಸಂಜ್ಞೆ, ಚಿತ್ರ ಎಲ್ಲವನ್ನೂ ಒಂದೇ ತಕ್ಕಡಿಯಲ್ಲಿ ತೂಗಿತು. ಮೌಖಿಕ ಪರಂಪರೆಯನ್ನು ಅಭ್ಯಾಸ ಮಾಡುವವರು ಈ ಸಂಗತಿಯನ್ನು ಸಾಕಷ್ಟು ಗಮನಿಸಿದಂತೆ ಕಾಣದು. ಮಾತಿನಲ್ಲೇ ಬದುಕಿದ್ದ ಸಮಾಜವೊಂದರಲ್ಲಿ, ನಾಲಿಗೆಯ ಮೇಲಿನ ನಿಂದೆ ಅಚ್ಚಿನ ನಿಂದೆಗೆ ಸಮನಾದ ಅಪರಾಧವಾದದ್ದು ಆಗಲೇ. ನಾಲ್ಕನೆಯ ವಿವರಣೆಯಲ್ಲಿ, ಒಬ್ಬನ ನೈತಿಕ ಅಥವಾ ಬೌದ್ಧಿಕ ಯೋಗ್ಯತೆಯ ಜೊತೆಗೆ ಅವನ ಜಾತಿ ಮತ್ತು ಕಸುಬಿಗೆ ಸಂಬಂಧಿಸಿದ ಯೋಗ್ಯತೆಯನ್ನೂ ಇತರರ ದೃಷ್ಟಿಯಲ್ಲಿ ತಗ್ಗಿಸುವುದು ಮಾನಹಾನಿ ಎಂದು ಸೇರಿಸಿದ್ದು, ಈ ನೆಲದ ಮಾನದ ಕಲ್ಪನೆಯನ್ನು ಆಯೋಗವು ತನ್ನದೇ ರೀತಿಯಲ್ಲಿ ಗ್ರಹಿಸಿತ್ತೆಂಬುದಕ್ಕೆ ನಿದರ್ಶನ.

ಹಾಗೆಂದು ಮಾತಿನ ಅಪರಾಧವೆಂಬ ಕಲ್ಪನೆ ಹತ್ತೊಂಬತ್ತನೆಯ ಶತಮಾನದಲ್ಲಿ ಹೊರಗಿನಿಂದ ಬಂದುದೆಂದು ತಿಳಿಯುವಂತಿಲ್ಲ. ವಾಕ್ಪಾರುಷ್ಯವೆಂಬುದು ಧರ್ಮಶಾಸ್ತ್ರಗಳು ಎಣಿಸುವ ಹದಿನೆಂಟು ವ್ಯವಹಾರಪದಗಳಲ್ಲಿ ಒಂದು. ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಆರ್. ಶಾಮಶಾಸ್ತ್ರಿಗಳು ಗುರುತಿಸಿ 1909ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರದ ಮೂರನೆಯ ಅಧಿಕರಣದಲ್ಲಿ ಇದಕ್ಕೆ ಒಂದು ಪ್ರತ್ಯೇಕ ಅಧ್ಯಾಯವೇ ಇದೆ. ಶರೀರ, ಪ್ರಕೃತಿ, ಶ್ರುತ, ವೃತ್ತಿ, ಜನಪದ ಎಂಬ ಐದನ್ನು ಹಿಡಿದು ಹಳಿಯುವುದನ್ನು ಕೌಟಿಲ್ಯ ವಿಂಗಡಿಸುತ್ತಾನೆ. ಅಂಗವಿಕಲನನ್ನು ಇದ್ದದ್ದು ಇದ್ದಂತೆ ಹಳಿದರೆ ಮೂರು ಪಣ, ಇಲ್ಲದ್ದನ್ನು ಹೇಳಿ ಹಳಿದರೆ ಆರು ಪಣ, ಕುರುಡನನ್ನು ಸುಂದರವಾದ ಕಣ್ಣುಳ್ಳವನೆಂದು ಹೊಗಳಿ ಹಂಗಿಸಿದರೆ ಹನ್ನೆರಡು ಪಣ. ಅಂದರೆ ಸತ್ಯವನ್ನಾಡಿದರೂ ದಂಡ ತಪ್ಪದು, ಕೊಂಚ ಕಡಿಮೆಯಾಗುತ್ತದೆ ಅಷ್ಟೆ. ವ್ಯಂಗ್ಯವೇ ಎಲ್ಲಕ್ಕಿಂತ ದುಬಾರಿ. ಶ್ರುತವನ್ನು, ಎಂದರೆ ವಿದ್ಯೆಯನ್ನು ಹಳಿಯುವುದೂ ಈ ಪಟ್ಟಿಯಲ್ಲಿರುವುದರಿಂದ ವಿದ್ವಾಂಸನ ಪಾಂಡಿತ್ಯ ಆಗಲೇ ಕಾನೂನಿನ ಆಶ್ರಯ ಪಡೆದಿತ್ತು. ಜನಪದವೆಂಬ ಶಬ್ದ ಇಲ್ಲಿ ನಾಡು ಎಂಬ ಮೂಲಾರ್ಥದಲ್ಲಿ ಬಂದಿದೆ.

ಶಾಸ್ತ್ರ ಹೀಗೆ ಹೇಳುತ್ತಿದ್ದರೂ ಜನಜೀವನ ನಿಂದೆಗೆ ತನ್ನದೇ ಆದ ಎಡೆಗಳನ್ನು ಕಾದಿರಿಸಿಕೊಂಡಿತ್ತು. ಮದುವೆಯ ಚಪ್ಪರದಲ್ಲಿ ಬೀಗರನ್ನು ಮೂದಲಿಸುವ ಹಾಡುಗಳು, ಕಾಮನ ಹುಣ್ಣಿಮೆಯ ಬೈಗುಳ, ದೇವರನ್ನೇ ಬೈದು ಹೊಗಳುವ ನಿಂದಾಸ್ತುತಿ, ಇವೆಲ್ಲ ಕಾಲ ಮತ್ತು ಸ್ಥಳಗಳ ಕಟ್ಟಿಗೆ ಒಳಪಟ್ಟ ಸ್ವಾತಂತ್ರ್ಯಗಳು. ಚಪ್ಪರದಲ್ಲಿ ಕೇಳಿದ ಮಾತನ್ನು ಬೀಗರು ಮರುದಿನ ಮನಸ್ಸಿನಲ್ಲಿಟ್ಟುಕೊಳ್ಳಬಾರದೆಂಬುದು ಎಲ್ಲರೂ ಬಲ್ಲ ಒಪ್ಪಂದ. ಇದಕ್ಕಿಂತಲೂ ಗಂಭೀರವಾದ ಉದಾಹರಣೆ ಮಂಟೇಸ್ವಾಮಿ ಕಾವ್ಯದ್ದು. ನೀಲಗಾರರು ಹಾಡುವ ಈ ಕಾವ್ಯದ ಕಲ್ಯಾಣದ ಭಾಗದಲ್ಲಿ ಮಂಟೇಸ್ವಾಮಿ ಕೊಳಕು ವೇಷದಲ್ಲಿ ಕಲ್ಯಾಣಕ್ಕೆ ಬಂದು ಅಲ್ಲಿಯ ಜಂಗಮರನ್ನು ಪರೀಕ್ಷೆಗೆ ಒಡ್ಡುತ್ತಾನೆ. ಒಂದು ಲಕ್ಷ ತೊಂಬತ್ತಾರು ಸಾವಿರ ಜಂಗಮರ ಡಾಂಭಿಕತೆ ಬಯಲಾಗುತ್ತದೆ. ಬಸವಣ್ಣನವರೂ ಪರೀಕ್ಷೆಯಿಂದ ಹೊರತಾಗುವುದಿಲ್ಲ. ಕೊಳ್ಳೇಗಾಲ, ಚಾಮರಾಜನಗರ, ಮಳವಳ್ಳಿಯ ಸೀಮೆಯಲ್ಲಿ ತಲೆತಲಾಂತರಗಳಿಂದ ಇಡೀ ರಾತ್ರಿ ಹಾಡುತ್ತ ಬಂದ ಈ ಕಥನವನ್ನು ಕೇಳುಗರು ಭಕ್ತಿಯಿಂದಲೇ ಕೇಳಿದ್ದಾರೆ. ತಂಬೂರಿಯ ಜೊತೆಗಿರುವಷ್ಟು ಕಾಲ ಆ ಮಾತಿಗೆ ಒಂದು ರಕ್ಷೆಯಿದೆ. ಅದೇ ಬಗೆಯ ಮಾತು ಅಚ್ಚಿಗೆ, ಅಲ್ಲಿಂದ ಪಠ್ಯಕ್ರಮಕ್ಕೆ ಬಂದಾಗ ಏನಾಗುತ್ತದೆ ಎಂಬುದೇ ಈ ಚರಿತ್ರೆಯ ಮುಖ್ಯ ಪ್ರಶ್ನೆ.

ಪ್ರಶ್ನೆಯ ಕಾನೂನಿನ ಮುಖ 499ನೆಯ ಕಲಮಿನ ಮೊದಲ ವಿವರಣೆಯಲ್ಲಿದೆ. ಗತಿಸಿದ ವ್ಯಕ್ತಿಯ ಮೇಲೆ ಮಾಡಿದ ಆರೋಪವೂ ಮಾನಹಾನಿಯಾಗಬಹುದು. ಆದರೆ ಅದಕ್ಕೆ ಎರಡು ಷರತ್ತುಗಳು. ಆ ವ್ಯಕ್ತಿ ಬದುಕಿದ್ದರೆ ಆರೋಪದಿಂದ ಅವರ ಕೀರ್ತಿಗೆ ಕುಂದುಂಟಾಗುವಂತಿರಬೇಕು, ಮತ್ತು ಅವರ ಕುಟುಂಬದವರ ಅಥವಾ ಇತರ ಹತ್ತಿರದ ಬಂಧುಗಳ ಭಾವನೆಯನ್ನು ನೋಯಿಸುವ ಉದ್ದೇಶವಿರಬೇಕು. ಹಿಂದಿನ ತಲೆಮಾರಿನ ಒಬ್ಬ ಜಮೀನ್ದಾರನ ಬಗ್ಗೆ ಬರೆದಾಗ ಬಂಧುಗಳು ಯಾರೆಂದು ಹೇಳುವುದು ಕಷ್ಟವಲ್ಲ. ಹನ್ನೆರಡನೆಯ ಶತಮಾನದ ಶರಣರಿಗೆ, ಹದಿನೇಳನೆಯ ಶತಮಾನದ ಅರಸನಿಗೆ ಹತ್ತಿರದ ಬಂಧುಗಳು ಯಾರು? ಭಕ್ತಸಮುದಾಯವೇ ತಾನು ಕುಟುಂಬವೆಂದು ಭಾವಿಸಬಹುದು. ಆ ಭಾವನೆಯಲ್ಲಿ ಸತ್ಯವಿಲ್ಲವೆಂದು ಜಾನಪದವನ್ನು ಬಲ್ಲವರು ಹೇಳಲಾರರು. ಮಾದಪ್ಪನ ಗುಡ್ಡರೂ ಎಲ್ಲಮ್ಮನ ಜೋಗತಿಯರೂ ತಮ್ಮನ್ನು ದೇವರ ಮಕ್ಕಳೆಂದೇ ಕರೆದುಕೊಳ್ಳುತ್ತಾರೆ. ಕಾನೂನು ಮಾತ್ರ ಈ ಬಗೆಯ ಬಂಧುತ್ವವನ್ನು ಒಪ್ಪಿದ್ದಲ್ಲ. ಮಾನಹಾನಿಯ ಪ್ರಕರಣವನ್ನು ನೊಂದ ವ್ಯಕ್ತಿಯೇ ದೂರಿ ನಡೆಸಬೇಕೆಂದು 1973ರ ದಂಡ ಪ್ರಕ್ರಿಯಾ ಸಂಹಿತೆಯ 199ನೆಯ ಕಲಂ ವಿಧಿಸಿತ್ತು. ಎರಡನೆಯ ವಿವರಣೆಯಂತೆ ಒಂದು ಸಮೂಹಕ್ಕೂ ಮಾನವಿದೆಯಾದರೂ, ಆ ಸಮೂಹ ಸ್ಪಷ್ಟವಾಗಿ ಗುರುತಿಸಬಹುದಾದ್ದಾಗಿರಬೇಕು. ಅಲಿಗಢದ ಸರ್ಕಾರಿ ಅಭಿಯೋಜಕರಂತಹ ಚಿಕ್ಕ ಗುಂಪಿಗೆ 1965ರಲ್ಲಿ ಸರ್ವೋಚ್ಚ ನ್ಯಾಯಾಲಯ ಈ ರಕ್ಷಣೆಯನ್ನು ಒಪ್ಪಿತು; ಎಲ್ಲೆಕಟ್ಟು ಇಲ್ಲದ ದೊಡ್ಡ ಜನಸಮೂಹಕ್ಕೆ ಅದು ಸಲ್ಲದೆಂಬುದನ್ನು 1972ರ ಚೊಕ್ಕಪ್ಪ ಪ್ರಕರಣದಲ್ಲಿ ವಿವರಿಸಿತು.

ಸಂಶೋಧಕರ ಪಾಲಿಗೆ ಉಳಿದದ್ದು ಸಾಮಾನ್ಯ ಅಪವಾದಗಳು. ಸಾರ್ವಜನಿಕ ಹಿತಕ್ಕಾಗಿ ಆಡಿದ ಸತ್ಯ ಮೊದಲನೆಯದು. ಇಲ್ಲಿ ಸತ್ಯವೊಂದೇ ಸಾಲದು, ಹಿತವೂ ಸಿದ್ಧವಾಗಬೇಕು. ಸಾರ್ವಜನಿಕರ ತೀರ್ಪಿಗೆ ಒಪ್ಪಿಸಿದ ಕೃತಿಯ ವಿಮರ್ಶೆ ಆರನೆಯದು. ಇದಕ್ಕೆ ಕೊಟ್ಟ ದೃಷ್ಟಾಂತಗಳನ್ನು ಸಾಹಿತ್ಯ ವಿಮರ್ಶೆಯ ವಿದ್ಯಾರ್ಥಿಗಳು ಓದಬೇಕು: ಪುಸ್ತಕವನ್ನು ಓದಿ, ಇದು ಪೆದ್ದು ಪುಸ್ತಕ, ಆದ್ದರಿಂದ ಬರೆದವನೂ ದುರ್ಬಲ ಮನಸ್ಸಿನವನಿರಬೇಕು ಎಂದರೆ ತಪ್ಪಿಲ್ಲ, ಬರೆದವನು ದುರ್ಬಲನೂ ಲಂಪಟನೂ ಆದ್ದರಿಂದ ಪುಸ್ತಕ ಹೀಗಿದ್ದರೆ ಆಶ್ಚರ್ಯವಿಲ್ಲ ಎಂದರೆ ರಕ್ಷಣೆಯಿಲ್ಲ. ಕೃತಿಯಿಂದ ಕರ್ತೃವಿನ ಕಡೆಗೆ ನಡೆಯಬಹುದು, ಕರ್ತೃವಿನಿಂದ ಕೃತಿಯ ಕಡೆಗೆ ನಡೆಯಬಾರದು. ಒಂದೂವರೆ ಶತಮಾನದ ಹಿಂದಿನ ಪೊಲೀಸು ಕಾನೂನಿನಲ್ಲಿ ಇಷ್ಟು ನವಿರಾದ ವಿಮರ್ಶಾ ವಿವೇಕ ಅಡಗಿರುವುದು ಅಚ್ಚರಿಯ ಸಂಗತಿಯೇ ಸರಿ. ಅಶ್ಲೀಲತೆಯನ್ನು ಕುರಿತ 292ನೆಯ ಕಲಮಿಗೆ 1969ರ ತಿದ್ದುಪಡಿಯಲ್ಲಿ ವಿಜ್ಞಾನ, ಸಾಹಿತ್ಯ, ಕಲೆ, ವಿದ್ಯೆಗಳ ಹಿತದೃಷ್ಟಿಯಿಂದ ಪ್ರಕಟವಾದುದಕ್ಕೆ ಸ್ಪಷ್ಟ ವಿನಾಯಿತಿ ದೊರೆಯಿತು. ಮಾನಹಾನಿಯ ಕಲಮಿಗೆ ಅಂತಹ ತಿದ್ದುಪಡಿ ಬರಲಿಲ್ಲ. 2016ರಲ್ಲಿ ಸುಬ್ರಮಣಿಯನ್ ಸ್ವಾಮಿ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ಈ ಕಲಮಿನ ಸಿಂಧುತ್ವವನ್ನು ಎತ್ತಿಹಿಡಿದು, ಕೀರ್ತಿಯನ್ನು ಸಂವಿಧಾನದ 21ನೆಯ ಅನುಚ್ಛೇದದ ಜೀವಿಸುವ ಹಕ್ಕಿನೊಳಗೆ ಸೇರಿಸಿತು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 356ನೆಯ ಕಲಮಿನಲ್ಲಿ, ಶಿಕ್ಷೆಯ ಬಗೆಗಳಿಗೆ ಸಮುದಾಯ ಸೇವೆಯನ್ನು ಸೇರಿಸಿದ್ದನ್ನು ಬಿಟ್ಟರೆ, ಹಳೆಯ ಚೌಕಟ್ಟೇ ಮುಂದುವರಿದಿದೆ.

ಗತಿಸಿದವರ ಮಾನದ ಪ್ರಶ್ನೆ ಮಾನಹಾನಿಯ ಕಲಮಿನಿಂದ ಹೊರಬಂದು ಬೇರೆ ಬಾಗಿಲಿನಿಂದ ಕಾನೂನನ್ನು ಪ್ರವೇಶಿಸಿದ್ದು ಲಾಹೋರಿನಲ್ಲಿ. ಪೈಗಂಬರರ ಖಾಸಗಿ ಬದುಕನ್ನು ಗೇಲಿಮಾಡುವ ಕಿರುಪುಸ್ತಕವೊಂದನ್ನು 1924ರಲ್ಲಿ ಪ್ರಕಟಿಸಿದ ರಾಜಪಾಲನ ಮೇಲೆ, ವರ್ಗಗಳ ನಡುವೆ ದ್ವೇಷ ಹರಡುವುದನ್ನು ಶಿಕ್ಷಿಸುವ 153ಎ ಕಲಮಿನ ಅಡಿಯಲ್ಲಿ ಮೊಕದ್ದಮೆ ನಡೆಯಿತು. ಕೆಳಗಿನ ನ್ಯಾಯಾಲಯ ಶಿಕ್ಷಿಸಿತು. 1927ರಲ್ಲಿ ಲಾಹೋರ್ ಉಚ್ಚ ನ್ಯಾಯಾಲಯದ ನ್ಯಾಯಮೂರ್ತಿ ದಲೀಪ್ ಸಿಂಗ್ ಅವರು ಪುಸ್ತಕದ ಧಾಟಿಯನ್ನು ಖಂಡಿಸಿಯೂ ರಾಜಪಾಲನನ್ನು ಬಿಡುಗಡೆ ಮಾಡಿದರು. ಗತಿಸಿದ ಧಾರ್ಮಿಕ ನಾಯಕರ ಜೀವನ, ಚಾರಿತ್ರ್ಯಗಳ ಬಗ್ಗೆ ನಡೆಯುವ ಪ್ರತಿಕೂಲ ಚರ್ಚೆಯನ್ನೆಲ್ಲ ತಡೆಯುವುದು ಆ ಕಲಮಿನ ಉದ್ದೇಶವಲ್ಲವೆಂದೂ, ಅನುಯಾಯಿಗಳ ಅಸಮಾಧಾನವನ್ನೇ ಅಳತೆಗೋಲಾಗಿ ಹಿಡಿದರೆ ಗಂಭೀರ ಇತಿಹಾಸಕಾರನ ಗ್ರಂಥವೂ ಅದರ ಬಲೆಗೆ ಬೀಳಬಹುದೆಂದೂ ಅವರ ತೀರ್ಪಿನ ಅಭಿಪ್ರಾಯ. ತರಗತಿಯನ್ನಾಗಲಿ ವಿಶ್ವವಿದ್ಯಾಲಯವನ್ನಾಗಲಿ ಹೆಸರಿಸದ ಈ ತೀರ್ಪು, ವಿದ್ಯಾಕ್ಷೇತ್ರದ ಸ್ವಾತಂತ್ರ್ಯದ ಚರಿತ್ರೆಯಲ್ಲಿ ಸಲ್ಲಬೇಕಾದ ಸ್ಥಾನವನ್ನು ಇನ್ನೂ ಪಡೆದಿಲ್ಲ.

ತೀರ್ಪಿನ ವಿರುದ್ಧ ಎದ್ದ ಕೋಲಾಹಲದ ಫಲವಾಗಿ ಅದೇ ವರ್ಷ ಕೇಂದ್ರ ಶಾಸನಸಭೆ 295ಎ ಕಲಮನ್ನು ದಂಡ ಸಂಹಿತೆಗೆ ಸೇರಿಸಿತು. ಯಾವುದೇ ವರ್ಗದ ಧಾರ್ಮಿಕ ಭಾವನೆಗಳನ್ನು ಕೆರಳಿಸುವುದು ಅಪರಾಧವಾಯಿತು. ಆದರೆ ಉದ್ದೇಶ ಬುದ್ಧಿಪೂರ್ವಕವೂ ದುಷ್ಟವೂ ಆಗಿರಬೇಕೆಂಬ ಮಾತನ್ನು ಎಚ್ಚರದಿಂದ ಇಡಲಾಯಿತು. ಇತಿಹಾಸದ ಸತ್ಯವನ್ನು ಅರಸುವವರಿಗೆ, ಧರ್ಮದ ಪ್ರಾಮಾಣಿಕ ವಿಮರ್ಶಕರಿಗೆ ತೊಂದರೆಯಾಗಬಾರದೆಂದು ಸಭೆಯಲ್ಲಿ ವಾದಿಸಿದವರಲ್ಲಿ ಮಹಮದ್ ಅಲಿ ಜಿನ್ನಾ ಒಬ್ಬರು. ರಾಜಪಾಲ 1929ರಲ್ಲಿ ಕೊಲೆಯಾದ. ಹೊಸ ಕಲಮು ಜಾರಿಗೆ ಬಂದ ಮೇಲೂ ಕೊಲೆ ತಪ್ಪಲಿಲ್ಲ ಎಂಬುದು ಮುಂದಿನ ಶಾಸನಕಾರರ ಗಮನವನ್ನು ಅಷ್ಟಾಗಿ ಸೆಳೆದಂತಿಲ್ಲ.

1927ರ ಈ ಎಚ್ಚರಿಕೆಯನ್ನು ನಿಷ್ಫಲಗೊಳಿಸಿದ್ದು ಮುಟ್ಟುಗೋಲಿನ ಅಧಿಕಾರ. ದಂಡ ಪ್ರಕ್ರಿಯಾ ಸಂಹಿತೆಯ 95ನೆಯ ಕಲಮಿನಂತೆ, ಪುಸ್ತಕವೊಂದರಲ್ಲಿ 153ಎ ಅಥವಾ 295ಎ ಅಡಿಯಲ್ಲಿ ಶಿಕ್ಷಾರ್ಹವಾದ ಸಂಗತಿಯಿದೆ ಎಂದು ರಾಜ್ಯ ಸರ್ಕಾರಕ್ಕೆ ತೋರಿದರೆ ಸಾಕಿತ್ತು. ಕಾರಣಗಳನ್ನು ನಮೂದಿಸಿ ಅಧಿಸೂಚನೆ ಹೊರಡಿಸಿ ಪ್ರತಿಗಳನ್ನು ವಶಪಡಿಸಿಕೊಳ್ಳಬಹುದಾಗಿತ್ತು. ಲೇಖಕನ ದುಷ್ಟ ಉದ್ದೇಶವನ್ನು ವಿಚಾರಣೆಯಲ್ಲಿ ಸಿದ್ಧಪಡಿಸುವ ಹೊರೆ ಸರ್ಕಾರದ ಮೇಲೆ ಬೀಳುತ್ತಿರಲಿಲ್ಲ. ಎರಡು ತಿಂಗಳೊಳಗೆ ಉಚ್ಚ ನ್ಯಾಯಾಲಯದ ಮೆಟ್ಟಿಲು ಹತ್ತುವ ಹೊರೆ ಲೇಖಕನ ಅಥವಾ ಓದುಗನ ಮೇಲೆಯೇ ಬೀಳುತ್ತಿತ್ತು.

ಕರ್ನಾಟಕದಲ್ಲಿ ಈ ಸಂಗತಿಗಳೆಲ್ಲ ಒಟ್ಟುಗೂಡಿ ಕಾಣಿಸಿದ್ದು ವಚನಯುಗದ ವ್ಯಕ್ತಿಗಳನ್ನು ಕುರಿತ ವಿವಾದಗಳಲ್ಲಿ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದ ಎಂ.ಎಂ. ಕಲಬುರ್ಗಿಯವರ ‘ಮಾರ್ಗ’ದ ಮೊದಲ ಸಂಪುಟದಲ್ಲಿ ಚನ್ನಬಸವಣ್ಣನವರ ಜನನ ಮತ್ತು ನೀಲಾಂಬಿಕೆಯವರನ್ನು ಕುರಿತ ಸಂಶೋಧನೆಗಳಿದ್ದವು. ಶಾಸನ, ವಚನ, ಪುರಾಣಗಳ ಸಾಲುಗಳನ್ನು ಒಂದರ ಪಕ್ಕದಲ್ಲೊಂದು ಇಟ್ಟು ಊಹೆಗೆ ಬರುವುದು ಅವರ ವಿಧಾನ. ಅದು ಭಾಷಾ, ಗ್ರಂಥಸಂಪಾದನಾ ಶಾಸ್ತ್ರಗಳ ನಿತ್ಯದ ಕೆಲಸ. ಸಮುದಾಯದ ದೊಡ್ಡ ಭಾಗಕ್ಕೆ ಅದು ತಾಯಂದಿರ ಚಾರಿತ್ರ್ಯದ ಮೇಲಿನ ಆಪಾದನೆಯಾಗಿ ಕೇಳಿಸಿತು. ಇಬ್ಬರ ಶ್ರವಣದಲ್ಲೂ ಪ್ರಾಮಾಣಿಕತೆಯಿತ್ತೆಂದು ಒಪ್ಪಬೇಕು. ಒಪ್ಪಲಾಗದ್ದು ಮುಂದಿನ ಬೆಳವಣಿಗೆ. ಲೇಖನಕ್ಕೆ ಲೇಖನದಿಂದ ಉತ್ತರ ಹುಟ್ಟಬೇಕಾದ ಕಡೆ ಒತ್ತಡ ಹುಟ್ಟಿತು. 1989ರಲ್ಲಿ ಮಠಾಧೀಶರ ಸಮ್ಮುಖದಲ್ಲಿ ಕಲಬುರ್ಗಿಯವರು ಆ ಭಾಗಗಳನ್ನು ಹಿಂತೆಗೆದುಕೊಳ್ಳಬೇಕಾಯಿತು. ಕುಟುಂಬದ ಸುರಕ್ಷತೆಗಾಗಿ ಹಾಗೆ ಮಾಡಿದುದಾಗಿಯೂ, ಅಂದು ತಮ್ಮ ಬೌದ್ಧಿಕ ಬದುಕನ್ನು ತಾವೇ ಕೊಂದುಕೊಂಡಂತಾಯಿತೆಂದೂ ಅವರು ನಂತರ ಹೇಳಿಕೊಂಡರು. ಅವರು ಆಮೇಲೆ ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಕುಲಪತಿಯಾದರು, ‘ಮಾರ್ಗ’ದ ನಾಲ್ಕನೆಯ ಸಂಪುಟಕ್ಕೆ 2006ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿತು. 2015ರ ಆಗಸ್ಟ್ 30ರಂದು ಧಾರವಾಡದ ಮನೆಯ ಬಾಗಿಲಲ್ಲಿ ಅವರನ್ನು ಗುಂಡಿಟ್ಟು ಕೊಲ್ಲಲಾಯಿತು. ಆ ಹತ್ಯೆಯನ್ನು 1989ರ ವಿವಾದಕ್ಕೆ ಗಂಟುಹಾಕುವುದು ಸರಿಯಾಗದು. ಆದರೆ 1989ರ ಘಟನೆಯಲ್ಲಿ ಯಾವ ನ್ಯಾಯಾಲಯವೂ ಮಧ್ಯೆ ಬರಲಿಲ್ಲವೆಂಬುದನ್ನು ಗುರುತಿಸಬೇಕು. ಸದ್ಭಾವ, ಸಾರ್ವಜನಿಕ ಹಿತ, ಸತ್ಯ ಎಂಬ ಕಾನೂನಿನ ಪರೀಕ್ಷೆಗಳಲ್ಲಿ ಒಂದೂ ನಡೆಯುವ ಮೊದಲೇ ತೀರ್ಮಾನವಾಗಿಹೋಗಿತ್ತು.

ಎಚ್.ಎಸ್. ಶಿವಪ್ರಕಾಶರ ‘ಮಹಾಚೈತ್ರ’ ನಾಟಕ 1986ರಲ್ಲಿ ಬಂದು ರಂಗಭೂಮಿಯಲ್ಲಿ ಮನ್ನಣೆ ಪಡೆದಿತ್ತು. ಅದು ದೊಡ್ಡ ವಿವಾದವಾದದ್ದು 1990ರ ದಶಕದಲ್ಲಿ, ವಿಶ್ವವಿದ್ಯಾಲಯದ ಪಠ್ಯವಾಗಿದ್ದಾಗ. ರಂಗದ ಮೇಲೆ ಸಹಿಸಿದ್ದು ಪಠ್ಯದಲ್ಲಿ ಅಸಹ್ಯವಾದದ್ದೇಕೆ ಎಂಬುದು ವಿಚಾರಯೋಗ್ಯ. ಪಠ್ಯವೆಂದರೆ ಸಮಾಜ ತನ್ನ ಮಕ್ಕಳ ಕೈಗೆ ಮುದ್ರೆಯೊತ್ತಿ ಕೊಡುವ ಮಾತು. ಓದುವುದು ಬಿಡುವುದು ಅಲ್ಲಿ ಓದುಗನ ಇಚ್ಛೆಯಲ್ಲ. ಆಕ್ಷೇಪಿಸುವವರ ವಾದದಲ್ಲಿ ಬಲವಿರುವುದು ಈ ಒಂದು ಅಂಶದಲ್ಲಿ. ಆದರೆ ಅದೇ ಕಾರಣದಿಂದ, ತರಗತಿಯಲ್ಲಿ ಅಧ್ಯಾಪಕನಿರುತ್ತಾನೆ, ಪ್ರಶ್ನೆ ಕೇಳುವ ಅವಕಾಶವಿರುತ್ತದೆ, ಎದುರು ಪಕ್ಷದ ಗ್ರಂಥವೂ ಗ್ರಂಥಾಲಯದಲ್ಲಿರುತ್ತದೆ. ವಿವಾದಾತ್ಮಕ ಪುಸ್ತಕವನ್ನು ಓದಲು ತರಗತಿಗಿಂತ ತಕ್ಕ ಸ್ಥಳ ಬೇರೆ ದೊರಕದು.

ಪಿ.ವಿ. ನಾರಾಯಣ ಅವರ ಕಾದಂಬರಿ ‘ಧರ್ಮಕಾರಣ’ 1995ರಲ್ಲಿ ಪ್ರಕಟವಾಯಿತು, ಪ್ರಶಸ್ತಿಯೂ ಬಂದಿತು. ಬಸವಣ್ಣನವರ ಅಕ್ಕ ನಾಗಲಾಂಬಿಕೆಯವರನ್ನು ಚಿತ್ರಿಸಿದ ಭಾಗದ ಬಗ್ಗೆ ಪ್ರತಿಭಟನೆಗಳಾದ ಮೇಲೆ ರಾಜ್ಯ ಸರ್ಕಾರ 1997ರಲ್ಲಿ 95ನೆಯ ಕಲಮಿನ ಅಧಿಕಾರದಿಂದ ಅದನ್ನು ಮುಟ್ಟುಗೋಲು ಹಾಕಿಕೊಂಡಿತು. ಅಧಿಸೂಚನೆಯನ್ನು ಪ್ರಶ್ನಿಸಿ ಬರಗೂರು ರಾಮಚಂದ್ರಪ್ಪ ಮತ್ತಿತರರು ನ್ಯಾಯಾಲಯಕ್ಕೆ ಹೋದರು. ಉಚ್ಚ ನ್ಯಾಯಾಲಯ ಸರ್ಕಾರದ ಕ್ರಮವನ್ನು ಒಪ್ಪಿತು. 2007ರಲ್ಲಿ ಸರ್ವೋಚ್ಚ ನ್ಯಾಯಾಲಯವೂ ಒಪ್ಪಿತು. ಇಲ್ಲಿಯ ಆಪಾದನೆಯ ಭಾಷೆಯನ್ನು ಗಮನಿಸಿದರೆ ಅದು ಮೊದಲಿನಿಂದ ಕೊನೆಯವರೆಗೆ ಮಾನಹಾನಿಯ ಭಾಷೆ: ಪೂಜ್ಯ ಸ್ತ್ರೀಯೊಬ್ಬರ ಶೀಲಕ್ಕೆ ಕಳಂಕ ತರಲಾಗಿದೆ ಎಂಬುದು. ವಿಚಾರಣೆಯಾದದ್ದು ಮಾತ್ರ ಮುಟ್ಟುಗೋಲಿನ ಕಲಮಿನಲ್ಲಿ. ಆದ್ದರಿಂದ ಮಾನಹಾನಿಯ ಕಲಂ ಆಪಾದಿತನಿಗೆ ಕೊಡುವ ಹತ್ತು ಅಪವಾದಗಳ ಆಸರೆ ಕಾದಂಬರಿಕಾರನಿಗೆ ದೊರೆಯಲಿಲ್ಲ. ಹತ್ತಿರದ ಬಂಧುಗಳು ಯಾರು ಎಂಬ ಪ್ರಶ್ನೆಯನ್ನೂ ಯಾರೂ ಕೇಳಬೇಕಾಗಲಿಲ್ಲ. ಅತ್ತ ಇದೇ ದಶಕದಲ್ಲಿ ಹಂಪಿಯ ಕನ್ನಡ ವಿಶ್ವವಿದ್ಯಾಲಯ ಪ್ರಕಟಿಸಿದ ಮಂಟೇಸ್ವಾಮಿ ಮಹಾಕಾವ್ಯದಲ್ಲಿ ಕಲ್ಯಾಣದ ಜಂಗಮರ ಕಟುವಿಮರ್ಶೆ ಯಥಾವತ್ತಾಗಿ ಅಚ್ಚಾಗಿತ್ತು. ಕರ್ತೃವಿಲ್ಲದ ಮಾತಿಗೆ ಸಿಕ್ಕ ಈ ಅಭಯ ಕರ್ತೃವುಳ್ಳ ಮಾತಿಗೆ ಸಿಗಲಿಲ್ಲ.

ಆದರೆ ಆ ಅಭಯ ಸಂಗ್ರಾಹಕನಿಗೆ ಯಾವಾಗಲೂ ದೊರೆಯುತ್ತದೆಂದು ನಂಬುವಂತಿಲ್ಲ. ಇನ್ನೊಬ್ಬರು ಹೇಳಿದ್ದನ್ನು ಹೇಳಿದೆ ಎಂಬುದು ಮಾನಹಾನಿ ಕಾನೂನಿನಲ್ಲಿ ತಾನೇ ರಕ್ಷಣೆಯಾಗುವುದಿಲ್ಲ. ವದಂತಿಯನ್ನು ಮರುಪ್ರಕಟಿಸಿದವನೂ ಪ್ರಕಟಿಸಿದವನೇ. ಜಾನಪದ ಅಧ್ಯಯನವಾದರೋ ನಿಂತಿರುವುದೇ ಮರುಪ್ರಕಟಣೆಯ ಮೇಲೆ. ಈ ಬಿಕ್ಕಟ್ಟು ಪುಣೆಯಲ್ಲಿ ಸ್ಫೋಟಗೊಂಡಿತು. ಅಮೆರಿಕದ ವಿದ್ವಾಂಸ ಜೇಮ್ಸ್ ಲೇನ್ ಶಿವಾಜಿಯ ಕುರಿತ ಕಥನಗಳು ಕಾಲದಿಂದ ಕಾಲಕ್ಕೆ ಬೆಳೆದ ಬಗೆಯನ್ನು ಕುರಿತು ಬರೆದ ಪುಸ್ತಕವನ್ನು 2003ರಲ್ಲಿ ಆಕ್ಸ್‌ಫರ್ಡ್ ಯೂನಿವರ್ಸಿಟಿ ಪ್ರೆಸ್ ಪ್ರಕಟಿಸಿತು. ಅದರಲ್ಲಿ ಜನರ ನಡುವೆ ಓಡಾಡುವ ಒಂದು ಕುಚೋದ್ಯದ ಮಾತನ್ನು ಲೇನ್ ದಾಖಲಿಸಿದ್ದರು. ಯಾರು, ಎಲ್ಲಿ, ಯಾವ ಸಂದರ್ಭದಲ್ಲಿ ಆಡಿದ್ದು ಎಂಬ ವಿವರ ಪುಸ್ತಕದಲ್ಲಿರಲಿಲ್ಲ. ಕ್ಷೇತ್ರಕಾರ್ಯದ ಶಿಸ್ತಿನ ದೃಷ್ಟಿಯಿಂದ ಇದು ಸಣ್ಣ ಲೋಪವಲ್ಲ. ಆದರೆ ಶಾಸ್ತ್ರದ ಲೋಪಕ್ಕೆ ಶಾಸ್ತ್ರದಲ್ಲೇ ಮದ್ದಿದೆ. ಪ್ರಕಾಶಕರು 2003ರ ನವೆಂಬರಿನಲ್ಲಿ ಪುಸ್ತಕವನ್ನು ಭಾರತದ ಮಾರುಕಟ್ಟೆಯಿಂದ ಹಿಂತೆಗೆದುಕೊಂಡರು. ಕೃತಜ್ಞತೆಯ ಪುಟದಲ್ಲಿ ಹೆಸರಿದ್ದ ಸಂಸ್ಕೃತ ವಿದ್ವಾಂಸರೊಬ್ಬರ ಮುಖಕ್ಕೆ ಮಸಿ ಬಳಿಯಲಾಯಿತು. 2004ರ ಜನವರಿ 5ರಂದು ಭಂಡಾರ್ಕರ್ ಪ್ರಾಚ್ಯವಿದ್ಯಾ ಸಂಶೋಧನ ಮಂದಿರದ ಮೇಲೆ ಗುಂಪು ದಾಳಿ ನಡೆಸಿ ಗ್ರಂಥಗಳನ್ನೂ ಹಸ್ತಪ್ರತಿಗಳನ್ನೂ ಹಾಳುಗೆಡವಿತು. ಲೇಖಕ, ಪ್ರಕಾಶಕರ ಮೇಲೆ ಮೊಕದ್ದಮೆ ದಾಖಲಾಯಿತು, ಮಹಾರಾಷ್ಟ್ರ ಸರ್ಕಾರ ಪುಸ್ತಕವನ್ನು ನಿಷೇಧಿಸಿತು.

ನ್ಯಾಯಾಲಯಗಳು ಈ ಸಲ ಬೇರೆ ದಾರಿ ಹಿಡಿದವು. 2007ರ ಏಪ್ರಿಲಿನಲ್ಲಿ ಸರ್ವೋಚ್ಚ ನ್ಯಾಯಾಲಯ ಮೊಕದ್ದಮೆಯನ್ನು ರದ್ದುಮಾಡಿತು. ಅದೇ ತಿಂಗಳು ಬೊಂಬಾಯಿ ಉಚ್ಚ ನ್ಯಾಯಾಲಯ ನಿಷೇಧದ ಅಧಿಸೂಚನೆಯನ್ನು ತಳ್ಳಿಹಾಕಿತು. 2010ರ ಜುಲೈಯಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ಸ್ಥಿರಪಡಿಸಿತು. ‘ಧರ್ಮಕಾರಣ’ದ ತೀರ್ಪು 2007ರ ಮೇ ತಿಂಗಳಿನದು. ಒಂದೇ ಬೇಸಗೆಯಲ್ಲಿ ಒಂದು ಪುಸ್ತಕಕ್ಕೆ ಬಿಡುಗಡೆ, ಇನ್ನೊಂದಕ್ಕೆ ಬಂಧನ. ಎರಡೂ ಕಡೆ ಆಕ್ಷೇಪದ ತಿರುಳು ಪೂಜ್ಯರ ವಂಶ ಮತ್ತು ತಾಯ್ತನಗಳಿಗೆ ಸಂಬಂಧಿಸಿದ್ದು. ಜನಪದ ಕಥನಗಳನ್ನು ಬಲ್ಲವರಿಗೆ ಇದು ಆಕಸ್ಮಿಕವಾಗಿ ಕಾಣದು. ಕರ್ಣನಿಂದ ಮಾದೇಶ್ವರನವರೆಗೆ, ಮಹಾಪುರುಷನ ಹುಟ್ಟು ಸಾಮಾನ್ಯ ರೀತಿಯದಾಗಿರಬಾರದೆಂಬುದು ಕಥನದ ಒಂದು ಹಳೆಯ ನಿಯಮ. ಪವಾಡದ ಜನನವೆಂದು ಭಕ್ತರು ಹಾಡುವುದನ್ನು ಇತಿಹಾಸಕಾರ ಗದ್ಯಕ್ಕೆ ಇಳಿಸಿದ ಕ್ಷಣದಲ್ಲೇ ಅದು ಅಪವಾದವಾಗಿ ಬದಲಾಗಿಬಿಡುತ್ತದೆ. ಕಥನದ ಆಶಯವನ್ನು ಕೌಟುಂಬಿಕ ವಾಸ್ತವವಾಗಿ ಓದುವ ಈ ತಪ್ಪನ್ನು ಆಕ್ಷೇಪಿಸುವವರು ಮಾಡುವಂತೆ ಒಮ್ಮೊಮ್ಮೆ ಸಂಶೋಧಕರೂ ಮಾಡಿದ್ದಾರೆ.

ಇದೇ ನಿಯಮದ ಅತಿ ಸ್ವಾರಸ್ಯದ ಕನ್ನಡ ರೂಪವೊಂದು ದಿಲ್ಲಿಯ ತರಗತಿಯನ್ನು ತಲುಪಿ ಅಲ್ಲಿಂದ ಹೊರಬಿದ್ದದ್ದು 2011ರಲ್ಲಿ. ರಾಮೇಗೌಡರು ಸಂಗ್ರಹಿಸಿದ, ದಲಿತ ಗಾಯಕನೊಬ್ಬ ಹಾಡಿದ ಜನಪದ ರಾಮಾಯಣದಲ್ಲಿ ರಾವುಳ ಮತ್ತು ಮಂಡೋದರಿಗೆ ಮಕ್ಕಳಿಲ್ಲ. ಜೋಗಿಯ ವೇಷದ ಶಿವ ಕೊಟ್ಟ ಮಾವಿನ ಹಣ್ಣಿನ ತಿರುಳನ್ನು ರಾವುಳ ತಾನು ತಿಂದು ಹೆಂಡತಿಗೆ ಓಟೆಯನ್ನು ಕೊಡುತ್ತಾನೆ. ಬಸಿರಾಗುವವನು ರಾವುಳನೇ. ದಿನಕ್ಕೊಂದು ತಿಂಗಳು ತುಂಬಿ, ಒಂಬತ್ತನೆಯ ದಿನ ಅವನು ಸೀನಿದಾಗ ಮೂಗಿನಿಂದ ಸೀತೆ ಹುಟ್ಟುತ್ತಾಳೆ. ಸೀನು, ಸೀತೆ ಎಂಬ ಈ ನಾದದ ಆಟ ಕನ್ನಡದಲ್ಲಲ್ಲದೆ ಬೇರೆಡೆ ಹುಟ್ಟಲಾರದು. ಮೈಸೂರಿನಲ್ಲಿ ಹುಟ್ಟಿ ಷಿಕಾಗೋದಲ್ಲಿ ಅಧ್ಯಾಪಕರಾಗಿದ್ದ ಎ.ಕೆ. ರಾಮಾನುಜನ್ ತಮ್ಮ ‘ಮುನ್ನೂರು ರಾಮಾಯಣಗಳು’ ಎಂಬ ಇಂಗ್ಲಿಷ್ ಪ್ರಬಂಧದಲ್ಲಿ ವಾಲ್ಮೀಕಿ, ಕಂಬ, ಜೈನ ರಾಮಾಯಣಗಳ ಪಕ್ಕದಲ್ಲಿ ಈ ಹಾಡನ್ನು ಸಮಾನ ಗೌರವದಿಂದ ಇಟ್ಟರು. ಪ್ರಬಂಧ 1991ರಲ್ಲಿ ಪೌಲಾ ರಿಚ್‌ಮನ್ ಸಂಪಾದಿಸಿದ ಸಂಕಲನದಲ್ಲಿ ಅಚ್ಚಾಯಿತು. ರಾಮಾನುಜನ್ 1993ರಲ್ಲಿ ತೀರಿಕೊಂಡರು. ವಿವಾದ ಎದ್ದಾಗ ಉತ್ತರ ಕೊಡಲು ಅವರು ಇರಲಿಲ್ಲ.

ದಿಲ್ಲಿ ವಿಶ್ವವಿದ್ಯಾಲಯದ ಇತಿಹಾಸ ಆನರ್ಸ್ ಪದವಿಯ ಪಠ್ಯದಲ್ಲಿ ಈ ಪ್ರಬಂಧವಿತ್ತು. 2008ರ ಫೆಬ್ರವರಿ 25ರಂದು ವಿದ್ಯಾರ್ಥಿ ಸಂಘಟನೆಯೊಂದರ ಕಾರ್ಯಕರ್ತರು ಇತಿಹಾಸ ವಿಭಾಗಕ್ಕೆ ನುಗ್ಗಿ ದಾಂಧಲೆ ನಡೆಸಿದರು. ವಿಷಯ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಗಿ, ಅದರ ಸೂಚನೆಯ ಮೇರೆಗೆ ವಿಶ್ವವಿದ್ಯಾಲಯ ನಾಲ್ವರು ತಜ್ಞರ ಅಭಿಪ್ರಾಯ ಪಡೆಯಿತು. ಮೂವರು ಪ್ರಬಂಧದಲ್ಲಿ ಆಕ್ಷೇಪಾರ್ಹವಾದದ್ದೇನೂ ಇಲ್ಲವೆಂದರು. ಪದವಿಯ ಹಂತದ ವಿದ್ಯಾರ್ಥಿಗಳಿಗೆ ಇದು ತಕ್ಕುದಲ್ಲವೆಂಬುದು ಒಬ್ಬರ ನಿಲುವು. 2011ರ ಅಕ್ಟೋಬರ್ 9ರಂದು ವಿದ್ಯಾವಿಷಯಕ ಪರಿಷತ್ತು ಕೆಲವು ಸದಸ್ಯರ ಭಿನ್ನಮತದ ನಡುವೆ ಪ್ರಬಂಧವನ್ನು ಪಠ್ಯದಿಂದ ಕೈಬಿಟ್ಟಿತು. ಇಲ್ಲಿ ಲೇಖಕನಿಗೆ ಶಿಕ್ಷೆಯಾಗಲಿಲ್ಲ, ಪುಸ್ತಕದ ಮುಟ್ಟುಗೋಲಾಗಲಿಲ್ಲ, ಮಾನಹಾನಿ ನಡೆದಿದೆಯೆಂದು ಯಾವ ನ್ಯಾಯಾಲಯವೂ ತೀರ್ಮಾನಿಸಲಿಲ್ಲ. ಪಠ್ಯವನ್ನು ರೂಪಿಸುವ ಅಧಿಕಾರವುಳ್ಳ ಸಭೆಯೇ ತನ್ನ ಅಧಿಕಾರವನ್ನು ಬಳಸಿ, ತನ್ನದೇ ಇತಿಹಾಸ ವಿಭಾಗದ ಆಯ್ಕೆಯನ್ನು ಬದಿಗೆ ಸರಿಸಿತು. ಇಂತಹ ನಿರ್ಧಾರದ ವಿರುದ್ಧ ಎತ್ತಬಹುದಾದ ವಾದ ಕಾನೂನಿನ ಪುಸ್ತಕಗಳಲ್ಲಿ ಸುಲಭವಾಗಿ ಸಿಗುವಂಥದಲ್ಲ. 19ನೆಯ ಅನುಚ್ಛೇದ ನಾಗರಿಕನ ಮಾತನ್ನು ಕಾಯುತ್ತದೆ. ಪಠ್ಯಪಟ್ಟಿಯಲ್ಲಿ ಉಳಿಯುವ ಹಕ್ಕನ್ನು ಅದು ಯಾವ ಪ್ರಬಂಧಕ್ಕೂ ಕೊಟ್ಟಿಲ್ಲ.

ರಾಮಾನುಜನ್ನರ ಪ್ರಬಂಧವುಳ್ಳ ಪುಸ್ತಕಗಳನ್ನು ಮರುಮುದ್ರಿಸಲು ಹಿಂಜರಿದಿದ್ದ ಆಕ್ಸ್‌ಫರ್ಡ್ ಯೂನಿವರ್ಸಿಟಿ ಪ್ರೆಸ್, ವಿದ್ವಾಂಸರ ಸಾಮೂಹಿಕ ಪತ್ರದ ನಂತರ, 2011ರ ಕೊನೆಯಲ್ಲಿ ಅವನ್ನು ಮತ್ತೆ ಅಚ್ಚುಮಾಡುವುದಾಗಿ ಪ್ರಕಟಿಸಿತು. ದಿಲ್ಲಿಯ ವಿದ್ಯಾರ್ಥಿಗೆ ಗ್ರಂಥಾಲಯದಲ್ಲಿ ರಾವುಳನ ಸೀನಿನ ಕಥೆಯನ್ನು ಓದಲು ಅಡ್ಡಿಯಿರಲಿಲ್ಲ. ಪಾಠ ಮಾಡುವ ಅಧ್ಯಾಪಕರೂ ಪರೀಕ್ಷೆಯಲ್ಲಿ ಅದರ ಮೇಲೆ ಕೇಳುವ ಪ್ರಶ್ನೆಯೂ ಇಲ್ಲವಾದವು.